ಎಲ್ಕ್ ಬೇಟೆಗೆ ಯಾವ ಬೈನಾಕ್ಯುಲರ್?

ಪ್ರಶ್ನೆ: ನಾನು ಟೆಕ್ಸಾಸ್‌ನಲ್ಲಿರುವ ಕನ್ನಡಿಗ. ಅಕ್ಟೋಬರ್‌ನಲ್ಲಿ ಗೆಳೆಯರೊಡನೆ ಕೊಲರಾಡೋ ಪರ್ವತಗಳಿಗೆ ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಬೇಟೆಗೆ ಹೊರಟಿದ್ದೇನೆ. ಎಂಥ ಬೈನಾಕ್ಯುಲರ್ ಕೊಳ್ಳಬೇಕು? ಬೇರೆ ಸಿದ್ಧತೆಗಳೇನು?

ಉತ್ತರ: ಹಣವನ್ನು ಮೊದಲು ಬೈನಾಕ್ಯುಲರ್‌ಗೆ, ಆಮೇಲೆ ಗಟ್ಟಿಯಾದ ಟ್ರೈಪಾಡ್‌ಗೆ ಹಾಕಿ. 10x42 ಅಳತೆಯದು, ಅಂದರೆ ಹತ್ತು ಪಟ್ಟು ಹಿಗ್ಗಿಸಿ ತೋರಿಸುವ, 42 ಮಿಲಿಮೀಟರ್ ಅಗಲದ ಮುಂದಿನ ಮಸೂರವಿರುವುದು ಸಾಕು. 42 ಮಿಲಿಮೀಟರ್ ಮಸೂರವನ್ನು 10ರಿಂದ ಭಾಗಿಸಿದರೆ ಸಿಗುವ 4.2 ಮಿಲಿಮೀಟರ್ ಬೆಳಕಿನ ವೃತ್ತವು, ಎಲ್ಕ್‌ಗಳು ಮೇವಿಗೆ ಹೊರಬರುವ ನಸುಕು ಮತ್ತು ಮುಸ್ಸಂಜೆಯ ಹೊತ್ತಿನಲ್ಲಿ ತಕ್ಕಮಟ್ಟಿಗೆ ಸ್ಪಷ್ಟ ನೋಟ ಕೊಡುತ್ತದೆ. ಟ್ರೈಪಾಡ್ ಮೇಲೆ ಕೂರಿಸಿ, ಎದುರಿನ ಇಳಿಜಾರನ್ನು ಪಟ್ಟಿಪಟ್ಟಿಯಾಗಿ ನಿಧಾನವಾಗಿ ನೋಡುತ್ತ ಹೋದರೆ, ಮರಗಳ ಲಂಬ ಗೆರೆಗಳ ನಡುವೆ ಪ್ರಾಣಿಯ ಬೆನ್ನಿನ ಅಡ್ಡಗೆರೆಯೋ ಅಲುಗುವ ಕಿವಿಯೋ ಕಣ್ಣಿಗೆ ಬೀಳುತ್ತದೆ. ರೈಫಲ್ಲಿನ ದೂರದರ್ಶಕದಿಂದ ಬೆಟ್ಟವನ್ನು ಹುಡುಕುವುದು ಮಾತ್ರ ಖಂಡಿತ ಬೇಡ. ನೋಡಿದತ್ತ ನಳಿಗೆಯೂ ತಿರುಗುತ್ತದೆ, ಅಲ್ಲಿ ಮನುಷ್ಯನೇ ಇರಬಹುದು.

ಎಲ್ಕ್‌ಗಳಿರುವ ನೆಲೆಗಳು ಅನೇಕ ಕಡೆ 9,000 ಅಡಿಗೂ ಮೇಲಿರುವುದರಿಂದ, ಒಂದೆರಡು ದಿನ ಮುಂಚೆಯೇ ತಲುಪಿ ದೇಹವನ್ನು ಒಗ್ಗಿಸಿಕೊಳ್ಳಿ. ತಲೆನೋವು, ವಾಂತಿ ಕಾಣಿಸಿಕೊಂಡರೆ ಮೇಲೇರುವುದನ್ನು ನಿಲ್ಲಿಸಿ, ಕಡಿಮೆಯಾಗದಿದ್ದರೆ ಕೆಳಗಿಳಿಯಿರಿ. ನೀವು 1949ರ ಜನವರಿ 1ರಂದು ಅಥವಾ ಅನಂತರ ಹುಟ್ಟಿದವರಾಗಿದ್ದರೆ, ಲೈಸೆನ್ಸಿಗೆ ಮೊದಲೇ ಬೇಟೆ ಶಿಕ್ಷಣದ ಪ್ರಮಾಣಪತ್ರ ಪಡೆದಿರಬೇಕು.