ಗೋದಾಮು, ಸಾಲ, ಸಹಾಯಧನ: ಓದುಗರ ಪ್ರಶ್ನೆಗಳಿಗೆ ಉತ್ತರ

ಗೋದಾಮು ಮತ್ತು ಕೃಷಿ ಮಾರುಕಟ್ಟೆ ಸೌಲಭ್ಯಗಳ ಸಹಾಯಧನದ ಬಗ್ಗೆ ಬಂದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಆಯ್ದುಕೊಂಡಿದ್ದೇವೆ.

ಪ್ರಶ್ನೆ: ನನಗೆ ಎಂಟು ಎಕರೆ ಗೋವಿನಜೋಳ. ಸುಗ್ಗಿಯಲ್ಲಿ ರೇಟು ಬಿದ್ದಾಗಲೇ ಮಾರಬೇಕಾಗುತ್ತದೆ. ಕೈಯಲ್ಲಿ ಸ್ವಲ್ಪ ದುಡ್ಡಿದೆ. ಮೊದಲು ಗೋದಾಮು ಕಟ್ಟಿ, ಬಿಲ್ಲುಗಳನ್ನು ಕೊಟ್ಟು ಆಮೇಲೆ ಸಬ್ಸಿಡಿಗೆ ಅರ್ಜಿ ಹಾಕಬಹುದೇ?
– ಓದುಗರು, ರಾಣೆಬೆನ್ನೂರು ತಾಲ್ಲೂಕು

ಉತ್ತರ: ಹಾಕಲು ಬರುವುದಿಲ್ಲ. ದಯವಿಟ್ಟು ಪಾಯ ತೋಡಬೇಡಿ. ಎಷ್ಟೋ ಅರ್ಜಿಗಳು ತಿರಸ್ಕೃತವಾಗುವುದು ಈ ಕಾರಣಕ್ಕೆ.

ನೀವು ಕೇಳುತ್ತಿರುವುದು ಕೇಂದ್ರ ಸರ್ಕಾರದ ಕೃಷಿ ಮಾರುಕಟ್ಟೆ ಮೂಲಸೌಕರ್ಯ ಯೋಜನೆಯ ಬಗ್ಗೆ. ಬ್ಯಾಂಕಿನವರು ಇದನ್ನು ಎಎಂಐ ಎನ್ನುತ್ತಾರೆ. 2001ರಲ್ಲಿ ಶುರುವಾದ ಗ್ರಾಮೀಣ ಭಂಡಾರಣ ಯೋಜನೆಯನ್ನೂ ಮಾರುಕಟ್ಟೆ ಸೌಲಭ್ಯಗಳ ಇನ್ನೊಂದು ಯೋಜನೆಯನ್ನೂ 2014ರಲ್ಲಿ ಸೇರಿಸಿ ಇದನ್ನು ರೂಪಿಸಲಾಯಿತು. ಇಲ್ಲಿ ಸಹಾಯಧನ ಬ್ಯಾಂಕ್ ಸಾಲದ ಜೊತೆಗೇ ಬರಬೇಕು. ಸಾಲವಿಲ್ಲದೆ ಸ್ವಂತ ಹಣದಲ್ಲಿ ಕಟ್ಟಿದ ಗೋದಾಮಿಗೆ ಒಂದು ರೂಪಾಯಿಯೂ ಸಿಗುವುದಿಲ್ಲ. ಸಾಲ ಮಂಜೂರಾಗುವ ಮೊದಲು ಮಾಡಿದ ಖರ್ಚನ್ನೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಕೆಲಸ ನಡೆಯಬೇಕಾದ ಕ್ರಮ ಹೀಗಿದೆ. ಮೊದಲು ಜಮೀನಿನ ಕಾಗದ ಸರಿಮಾಡಿಕೊಳ್ಳಿ. ಆಮೇಲೆ ಎಂಜಿನಿಯರರಿಂದ ಪ್ಲಾನ್ ಮತ್ತು ಎಸ್ಟಿಮೇಟ್, ಲೆಕ್ಕಪರಿಶೋಧಕರ ನೆರವಿನಿಂದ ಯೋಜನಾ ವರದಿ. ಅದನ್ನು ಹಿಡಿದು ಬ್ಯಾಂಕಿಗೆ ಹೋಗಿ ಅವಧಿ ಸಾಲ ಕೇಳಿ. ಅರ್ಜಿಯಲ್ಲೇ ‘ಎಎಂಐ ಅಡಿ ಸಹಾಯಧನ ಸಹಿತ’ ಎಂದು ಬರೆಯಿರಿ, ಮಂಜೂರಾತಿ ಪತ್ರದಲ್ಲೂ ಆ ಮಾತು ಬರುವಂತೆ ನೋಡಿಕೊಳ್ಳಿ. ಸಾಲದ ಮೊದಲ ಕಂತು ಬಿಡುಗಡೆಯಾದ ಮೇಲೆ ಬ್ಯಾಂಕು ಸಹಾಯಧನದ ಬೇಡಿಕೆಯನ್ನು ನಬಾರ್ಡ್ (ರಾಷ್ಟ್ರೀಯ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿ ಬ್ಯಾಂಕ್) ಮೂಲಕ ಕಳಿಸುತ್ತದೆ. ಅರ್ಧ ಭಾಗ ಮುಂಗಡವಾಗಿ ಬರುತ್ತದೆ. ಉಳಿದರ್ಧ ಬರುವುದು ಕಟ್ಟಡ ಮುಗಿದು ಬ್ಯಾಂಕ್, ನಬಾರ್ಡ್ ಮತ್ತು ಕೇಂದ್ರದ ಮಾರಾಟ ಮತ್ತು ತಪಾಸಣಾ ನಿರ್ದೇಶನಾಲಯದವರ ಜಂಟಿ ತಪಾಸಣೆ ಆದ ಮೇಲೆ. ಕಟ್ಟಡ ಮುಗಿಸುವ ಗಡುವು ಮೊದಲ ಕಂತಿನ ದಿನದಿಂದಲೇ ಓಡುತ್ತದೆ. ಆದ್ದರಿಂದ ಮಳೆಗಾಲದ ಹೊಸ್ತಿಲಲ್ಲಿ ಕಂತು ತೆಗೆದುಕೊಂಡು ಕೂರಬೇಡಿ.

ಹಣದ ಲೆಕ್ಕಕ್ಕೆ ಒಂದು ಉದಾಹರಣೆ ನೋಡಿ. ಮಾನ್ಯವಾದ ವೆಚ್ಚ ₹14 ಲಕ್ಷ ಎಂದಿಟ್ಟುಕೊಳ್ಳಿ. ಸಾಮಾನ್ಯ ವರ್ಗಕ್ಕೆ ಶೇ 25ರಂತೆ ₹3.5 ಲಕ್ಷ ಸಹಾಯಧನ. ನಿಮ್ಮ ಕೈಯಿಂದ ಶೇ 20, ಅಂದರೆ ₹2.8 ಲಕ್ಷ. ಉಳಿದ ₹11.2 ಲಕ್ಷ ಸಾಲ. ಕಟ್ಟುವಾಗ ಈ ಪೂರ್ತಿ ಹಣ ಸಾಲದಿಂದಲೂ ನಿಮ್ಮ ಜೇಬಿನಿಂದಲೂ ಬರಬೇಕು. ಸಹಾಯಧನ ನಿಮ್ಮ ಕೈಗೆ ನಗದಾಗಿ ಬರುವುದಿಲ್ಲ, ಸಾಲದ ಕೊನೆಯ ಕಂತುಗಳಿಗೆ ಹೊಂದಿಕೆಯಾಗುತ್ತದೆ. ‘ಮಾನ್ಯವಾದ ವೆಚ್ಚ’ ಎಂದರೆ ಬ್ಯಾಂಕು ಒಪ್ಪಿದ ವೆಚ್ಚ, ಲೆಕ್ಕಪರಿಶೋಧಕರು ದೃಢೀಕರಿಸಿದ ನಿಜವಾದ ಖರ್ಚು, ಟನ್ನಿಗೆ ಇಷ್ಟು ಎಂಬ ಸರ್ಕಾರದ ಮಿತಿ, ಈ ಮೂರರಲ್ಲಿ ಕಡಿಮೆ ಇರುವುದು. ಗ್ರಾನೈಟ್ ನೆಲ ಹಾಕಿಸಿ ಎಸ್ಟಿಮೇಟ್ ಏರಿಸಿದರೆ ಸಬ್ಸಿಡಿ ಏರುವುದಿಲ್ಲ, ಸಾಲ ಮಾತ್ರ ಏರುತ್ತದೆ.

ಇನ್ನೊಂದು ಮುಖ್ಯ ಮಾತು. ಯೋಜನೆಯ ಈ ಹಂತ 2025–26ರವರೆಗೆ ನಿಗದಿಯಾದದ್ದು. ನೀವು ಹೋಗುವ ದಿನ ಹೊಸ ಮಂಜೂರಾತಿ ತೆರೆದಿದೆಯೇ, ನಿಮ್ಮ ವರ್ಗಕ್ಕೆ ಹಣ ಉಳಿದಿದೆಯೇ ಎಂದು ಆದೇಶದ ಪ್ರತಿ ನೋಡಿಯೇ ಮುಂದುವರಿಯಿರಿ. 2014ರ ಆಗಸ್ಟ್‌ನಲ್ಲಿ ಹಣ ಮುಗಿದು ಸಾಮಾನ್ಯ ವರ್ಗದವರಿಗೆ ಮಂಜೂರಾತಿ ನಿಂತೇಹೋಗಿತ್ತು. ಸಬ್ಸಿಡಿ ಬಾರದಿದ್ದರೂ ಕಂತು ಕಟ್ಟಬಲ್ಲೆ ಎಂಬ ಲೆಕ್ಕ ಕೂಡಿಬಂದರೆ ಮಾತ್ರ ಕಟ್ಟಿ ಎಂದೇ ನಮ್ಮ ಸಲಹೆ.

ಪ್ರಶ್ನೆ: 200 ಟನ್ನಿನ ಗೋದಾಮು ಎಂದು ಮಂಜೂರಾಯಿತು. ತಪಾಸಣೆಗೆ ಬಂದವರು 150 ಟನ್ ಕೂಡ ಇಲ್ಲ ಎಂದರು. ನಾವು ಪ್ಲಾನಿನಂತೆ 27×40 ಅಡಿಯೇ ಕಟ್ಟಿದ್ದೇವೆ. ಚೀಲ ಜೋಡಿಸಿ ತೋರಿಸುತ್ತೇವೆಂದರೂ ಕೇಳಲಿಲ್ಲ. ತಪ್ಪು ಎಲ್ಲಿ?
– ಓದುಗರು, ದಾವಣಗೆರೆ ಜಿಲ್ಲೆ

ಉತ್ತರ: ತಪ್ಪು ಎತ್ತರದಲ್ಲಿದೆ. ಪತ್ರದ ಜೊತೆ ನೀವು ಕಳಿಸಿದ ನಕ್ಷೆಯಲ್ಲಿ ಗೋಡೆ 12 ಅಡಿ ಎಂದಿದೆ.

ಈ ಯೋಜನೆಯಲ್ಲಿ ಸಾಮರ್ಥ್ಯವನ್ನು ಚೀಲ ಎಣಿಸಿ ಹೇಳುವುದಿಲ್ಲ. ಒಂದು ಘನ ಮೀಟರಿಗೆ 0.4 ಟನ್ ಎಂದು ಲೆಕ್ಕ. 200 ಟನ್ನಿಗೆ 500 ಘನ ಮೀಟರ್ ಬೇಕು. 27×40 ಅಡಿ ಒಳ ಅಳತೆ ಎಂದರೆ ಸುಮಾರು 100 ಚದರ ಮೀಟರ್, ಹಾಗಾಗಿ ಎತ್ತರ 5 ಮೀಟರ್, ಅಂದರೆ ಹದಿನಾರೂವರೆ ಅಡಿ ಇರಬೇಕಿತ್ತು. 12 ಅಡಿಗೆ 3.66 ಮೀಟರ್, ಗುಣಿಸಿದರೆ 146 ಟನ್. ಗೋದಾಮಿನ ಸರಾಸರಿ ಎತ್ತರ ಇಷ್ಟಕ್ಕಿಂತ ಕಡಿಮೆ ಇರಬಾರದೆಂಬ ನಿಯಮವನ್ನೂ ಅದು ಮುಟ್ಟುವುದಿಲ್ಲ. ನಿಮ್ಮ ಮೇಸ್ತ್ರಿ ಮನೆಯ ಎತ್ತರದ ರೂಢಿಯಲ್ಲಿ ಕಟ್ಟಿರಬೇಕು.

ಇನ್ನು ಕಟ್ಟುವವರು ಎರಡನೆಯ ತಪ್ಪನ್ನೂ ನೋಡಿಕೊಳ್ಳಲಿ. 27×40 ಹೊರ ಅಳತೆಯಾಗಿ, ಗೋಡೆ ಒಂಬತ್ತು ಇಂಚು ಇದ್ದರೆ ಒಳಗೆ ಉಳಿಯುವುದು 25.5×38.5 ಅಡಿ. ಎತ್ತರ 5 ಮೀಟರ್ ಇದ್ದರೂ ಸಾಮರ್ಥ್ಯ 182 ಟನ್ನಿಗೆ ಇಳಿಯುತ್ತದೆ. ಪ್ಲಾನಿನಲ್ಲಿ ‘ಒಳ ಅಳತೆ’ ಎಂದು ಅಕ್ಷರದಲ್ಲಿ ಬರೆಸಿ, ಲೆಕ್ಕವನ್ನು ನಕ್ಷೆಯ ಮೂಲೆಯಲ್ಲೇ ಬಿಡಿಸಿ ತೋರಿಸಿ. ಬೇಕಾದ್ದಕ್ಕಿಂತ ನಾಲ್ಕು ಇಂಚು ಜಾಸ್ತಿ ಎತ್ತರ ಇಟ್ಟರೆ ನಷ್ಟವಿಲ್ಲ.

ತಪಾಸಣೆಯವರು ಅಳತೆಯ ಟೇಪು ಮಡಚಿದ ಮೇಲೂ ನೋಡುವ ಸಂಗತಿಗಳಿವೆ. ಕಿಟಕಿ, ಗವಾಕ್ಷಿಗಳಿಗೆ ಹಕ್ಕಿ ನುಗ್ಗದಂತೆ ಜಾಲರಿ ಇರಬೇಕು. ಇಲಿ ಹತ್ತದ ವ್ಯವಸ್ಥೆ ಇರಬೇಕು. ಕಟ್ಟೆಯ ಅಂಚನ್ನು ಗೋಡೆಯಿಂದ ಹೊರಕ್ಕೆ ಚಾಚಿಸಿ, ಮೆಟ್ಟಿಲನ್ನು ಕಟ್ಟೆಗೆ ತಾಗಿಸದೆ ಬಿಡಿಯಾಗಿ ಇಟ್ಟರೆ ಇಲಿಗೆ ದಾರಿ ತಪ್ಪುತ್ತದೆ. ಕಟ್ಟೆಯನ್ನು ಲಾರಿಯ ಹಲಗೆಯ ಮಟ್ಟಕ್ಕೆ ಏರಿಸಿದರೆ ಹಮಾಲರ ಶ್ರಮವೂ ಉಳಿಯುತ್ತದೆ. ಧೂಮೀಕರಣ (ಹುಳು ಸಾಯಿಸಲು ವಿಷಾನಿಲ ಬಿಡುವುದು) ಮಾಡುವಾಗ ಗಾಳಿಯಾಡದಂತೆ ಬಾಗಿಲು, ಕಿಟಕಿ ಎಲ್ಲ ಬಿಗಿಯಾಗಿ ಮುಚ್ಚುವಂತಿರಬೇಕು. ಶಟರ್ ಹಾಕಿಸುವವರು ಇಲ್ಲೇ ಸೋಲುತ್ತಾರೆ: ಶಟರಿನ ಕೆಳಗೂ ಅಕ್ಕಪಕ್ಕದ ಹಳಿಯಲ್ಲೂ ಸಂದು ಉಳಿದು ಅನಿಲ ಸೋರಿಹೋಗುತ್ತದೆ, ಹುಳು ಸಾಯುವುದಿಲ್ಲ. ಕೂಡು ರಸ್ತೆ, ಚರಂಡಿ, ಬೆಂಕಿ ನಂದಿಸುವ ಸಲಕರಣೆ, ಯೋಜನೆಯ ಹೆಸರಿರುವ ಫಲಕ ಇವೂ ಕಡ್ಡಾಯ. ಫಲಕ ಇಲ್ಲವೆಂದೇ ಕಡತ ತಿಂಗಳುಗಟ್ಟಲೆ ನಿಲ್ಲಬಹುದು, ಖರ್ಚು ಮಾತ್ರ ಕೆಲವು ನೂರು ರೂಪಾಯಿ.

ನಿಮ್ಮ ವಿಚಾರಕ್ಕೆ ಬಂದರೆ, ಗೋಡೆ ಎತ್ತರಿಸಲು ಪಾಯ ಮತ್ತು ಕಂಬ ತಡೆಯುತ್ತವೆಯೇ ಎಂದು ಎಂಜಿನಿಯರರಿಂದ ಬರೆಸಿಕೊಂಡು, ಗಡುವು ಉಳಿದಿದ್ದರೆ ಮರುತಪಾಸಣೆ ಕೋರಿ. ಇಲ್ಲವಾದರೆ ನಿಜವಾದ ಸಾಮರ್ಥ್ಯಕ್ಕೆ ತಕ್ಕಂತೆ ಸಹಾಯಧನ ನಿಗದಿಪಡಿಸಿ ಎಂದು ಬ್ಯಾಂಕಿನ ಮೂಲಕ ಲಿಖಿತವಾಗಿ ಕೇಳಿ.

ಪ್ರಶ್ನೆ: ಜಮೀನು ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲಿದೆ. ಅಣ್ಣತಮ್ಮಂದಿರ ಒಪ್ಪಿಗೆ ಇದೆ. ಬ್ಯಾಂಕಿಗೆ ಅಷ್ಟು ಸಾಕೇ? ಎನ್ಎ (ಕೃಷಿಯೇತರ ಬಳಕೆಗೆ ಭೂಪರಿವರ್ತನೆ) ಮಾಡಿಸಲೇಬೇಕೇ?
– ಓದುಗರು, ಗದಗ ಜಿಲ್ಲೆ

ಉತ್ತರ: ಬಾಯಿಮಾತಿನ ಒಪ್ಪಿಗೆ ಸಾಲದು. ಮೊದಲು ಪೌತಿ ಖಾತೆ (ತೀರಿಹೋದವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ), ಆಮೇಲೆ ನೋಂದಾಯಿತ ವಿಭಾಗ ಪತ್ರ, ಅದರ ಮೇಲೆ ನಿಮ್ಮ ಹೆಸರಿಗೆ ಮ್ಯುಟೇಶನ್, ಹೊಸ ಪಹಣಿ. ವಿಭಾಗಕ್ಕೆ 11ಇ ನಕ್ಷೆ (ಜಮೀನಿನ ಭಾಗಗಳನ್ನು ಅಳೆದು ತೋರಿಸುವ ಸರ್ವೆ ನಕ್ಷೆ) ಬೇಕಾಗುವುದರಿಂದ ಸರ್ವೆಗೆ ಅರ್ಜಿಯನ್ನು ಇವತ್ತೇ ಹಾಕಿ, ತಡವಾಗುವುದು ಅಲ್ಲೇ. ಜೊತೆಗೆ ಋಣಭಾರ ಪತ್ರವನ್ನೂ ತೆಗೆಸಿಡಿ. ಅಜ್ಜನ ಕಾಲದ ಸೊಸೈಟಿ ಸಾಲದ ಬೋಜಾ ಪಹಣಿಯ 11ನೇ ಕಾಲಂನಲ್ಲಿ ಉಳಿದಿದ್ದರೆ, ತೀರಿಸಿದ ಪತ್ರ ಕೊಟ್ಟು ಅದನ್ನು ತೆಗೆಸಿ.

ಎನ್ಎ ವಿಚಾರ: ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಂ ರೈತರಿಗೆ ತಮ್ಮ ಬೇಸಾಯಕ್ಕೆ ಬೇಕಾದ ಕಟ್ಟಡ ಕಟ್ಟಿಕೊಳ್ಳಲು ಅವಕಾಶ ಕೊಡುತ್ತದೆ. ಆದರೆ ಬೇರೆಯವರ ಮಾಲನ್ನು ಬಾಡಿಗೆಗೆ ಇಡುವ ಗೋದಾಮು ವಾಣಿಜ್ಯವೆನಿಸುತ್ತದೆ. ಅದಕ್ಕೆ ಜಿಲ್ಲಾಧಿಕಾರಿಯ ಭೂಪರಿವರ್ತನೆ ಆದೇಶ ಬೇಕು, ಬ್ಯಾಂಕೂ ಕೇಳುತ್ತದೆ. ಹೊಲವನ್ನೆಲ್ಲ ಪರಿವರ್ತಿಸಬೇಡಿ. ಗೋದಾಮು, ಲಾರಿ ತಿರುಗುವ ಜಾಗ, ದಾರಿ ಇಷ್ಟಕ್ಕೆ ಸಾಕು. ಜಾಗ ಮಹಾನಗರಪಾಲಿಕೆಯ ಗಡಿಯ ಒಳಗಿದ್ದರೆ ಈ ಯೋಜನೆಗೆ ಗೋದಾಮು ಅರ್ಹವಾಗುವುದಿಲ್ಲ, ಅದನ್ನು ಎಲ್ಲಕ್ಕಿಂತ ಮೊದಲು ಖಾತ್ರಿ ಮಾಡಿಕೊಳ್ಳಿ.

ಪ್ರಶ್ನೆ: ಹೆಂಡತಿ ಹೆಸರಿನಲ್ಲಿ ಹಾಕಿದರೆ ಸಬ್ಸಿಡಿ ಜಾಸ್ತಿಯಂತೆ, ನಿಜವೇ?
– ಓದುಗರು, ತುಮಕೂರು ಜಿಲ್ಲೆ

ಉತ್ತರ: ನಿಜ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ನೋಂದಾಯಿತ ರೈತ ಉತ್ಪಾದಕ ಸಂಸ್ಥೆಗಳು ಇವರಿಗೆ ಶೇ 33.33. ಆದರೆ ಯೋಜನೆ, ಸಾಲ, ಖಾತೆ ಎಲ್ಲವೂ ಅವರದೇ ಆಗಿರಬೇಕು. ಜಮೀನು ನಿಮ್ಮದಾಗಿದ್ದರೆ ದಾನಪತ್ರ, ಇಲ್ಲವೇ ಸಾಲದ ಅವಧಿಗಿಂತ ಉದ್ದದ ನೋಂದಾಯಿತ ಗುತ್ತಿಗೆ ಪತ್ರ ಮಾಡಿ. ಸಾಲದ ಹೊಣೆ ಅವರ ತಲೆಯ ಮೇಲೆ ಬರುತ್ತದೆ. ಆದ್ದರಿಂದ ಸಹಿ ಹಾಕುವ ಮೊದಲು ಕಂತೆಷ್ಟು, ಬಾಡಿಗೆ ಎಷ್ಟು ಬರಬಹುದು ಎಂಬುದನ್ನು ಅವರೊಡನೆ ಕೂತು ಲೆಕ್ಕ ಹಾಕಿ. ಅದು ಅವರ ಹಕ್ಕು.

ಪ್ರಶ್ನೆ: ನನ್ನ ಸಹಾಯಧನದ ಮೊದಲ ಅರ್ಧ ಬಂದು ಎಂಟು ತಿಂಗಳಾಯಿತು. ಬ್ಯಾಂಕಿನವರು ಸಾಲಕ್ಕೆ ಜಮಾ ಮಾಡಿಲ್ಲ, ಪೂರ್ತಿ ಸಾಲಕ್ಕೆ ಬಡ್ಡಿ ಹಾಕುತ್ತಿದ್ದಾರೆ. ಸೈಟು ಮಾರಿ ಸಾಲ ಒಮ್ಮೆಲೇ ತೀರಿಸಿಬಿಡಲೇ?
– ಓದುಗರು, ವಿಜಯಪುರ ಜಿಲ್ಲೆ

ಉತ್ತರ: ಸಾಲಕ್ಕೆ ಜಮಾ ಮಾಡದಿರುವುದು ಸರಿ, ಬಡ್ಡಿ ಹಾಕುತ್ತಿರುವುದು ತಪ್ಪು.

ಬಂದ ಹಣವನ್ನು ಬ್ಯಾಂಕು ನಿಮ್ಮ ಹೆಸರಿನ ಸಹಾಯಧನ ಮೀಸಲು ನಿಧಿ ಖಾತೆಯಲ್ಲಿ ಇಡಬೇಕು. ಸಾಲದ ಉಳಿದ ಭಾಗ ನೀವು ತೀರಿಸಿದ ಮೇಲೆ, ಕೊನೆಯ ಕಂತುಗಳಿಗೆ ಅದನ್ನು ಹೊಂದಿಸುತ್ತಾರೆ. ಆ ಖಾತೆಯ ಹಣಕ್ಕೆ ಬ್ಯಾಂಕು ಬಡ್ಡಿ ಕೊಡುವುದಿಲ್ಲ, ಅದಕ್ಕೆ ಸಮನಾದ ಸಾಲದ ಮೊತ್ತಕ್ಕೆ ಬಡ್ಡಿ ಹಾಕುವಂತೆಯೂ ಇಲ್ಲ. ನಿಮಗೆ ಬಂದದ್ದು ₹1.75 ಲಕ್ಷ, ಬಡ್ಡಿ ಶೇ 10 ಎಂದಾದರೆ ವರ್ಷಕ್ಕೆ ₹17,500 ಸುಮ್ಮನೆ ಹೋಗುತ್ತಿದೆ. ಸಾಲದ ಖಾತೆಯ ಮತ್ತು ಮೀಸಲು ನಿಧಿಯ ಎರಡೂ ಸ್ಟೇಟ್‌ಮೆಂಟ್ ಲಿಖಿತವಾಗಿ ಕೇಳಿ, ಹಣ ಬಂದ ತಾರೀಕಿನಿಂದ ಬಡ್ಡಿ ಹಿಂದಿರುಗಿಸಲು ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಶಾಖೆಯಲ್ಲಿ ಬಗೆಹರಿಯದಿದ್ದರೆ ಲೀಡ್ ಬ್ಯಾಂಕ್ ಮ್ಯಾನೇಜರ್ (ಜಿಲ್ಲೆಯ ಬ್ಯಾಂಕುಗಳ ಸಮನ್ವಯ ನೋಡುವವರು) ಮತ್ತು ನಬಾರ್ಡಿನ ಜಿಲ್ಲಾ ಅಭಿವೃದ್ಧಿ ವ್ಯವಸ್ಥಾಪಕರಿಗೆ ಪ್ರತಿ ಕಳಿಸಿ.

ಸಾಲವನ್ನು ಈಗ ಮುಗಿಸಬೇಡಿ. ಮಂಜೂರಾತಿಯಲ್ಲಿ ಹೇಳಿದ ಅವಧಿಗೆ ಮೊದಲೇ ಸಾಲ ತೀರಿಸಿದರೆ ಸಹಾಯಧನ ಹಿಂದಕ್ಕೆ ಹೋಗುವ ಅಪಾಯವಿದೆ, ಇನ್ನರ್ಧವಂತೂ ಬರುವುದೇ ಅನುಮಾನ. ಗೋದಾಮನ್ನು ಸಿಮೆಂಟ್ ಅಥವಾ ಮದ್ಯದ ದಾಸ್ತಾನಿಗೆ ಬಾಡಿಗೆ ಕೊಡುವುದೂ ಅಷ್ಟೇ ಅಪಾಯ. ಕೃಷಿ ಉತ್ಪನ್ನ, ಅದರ ಸಂಸ್ಕರಿತ ರೂಪ, ಗೊಬ್ಬರ ಮತ್ತು ಬೀಜದಂಥ ಪರಿಕರ ಇಷ್ಟಕ್ಕೇ ಅವಕಾಶ.

ಪ್ರಶ್ನೆ: ನಮ್ಮದು ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ. ತೊಗರಿಗೆ 500 ಟನ್ನಿನ ಗೋದಾಮು ಕಟ್ಟುವ ಆಸೆ. ಸಂಘಗಳಿಗೆ ಬೇರೆ ದರ ಇದೆಯೇ?
– ಸಂಘವೊಂದರ ಕಾರ್ಯದರ್ಶಿ, ಕಲಬುರಗಿ ಜಿಲ್ಲೆ

ಉತ್ತರ: ಇದೆ, ಮತ್ತು ಅದು ಒಳ್ಳೆಯ ದರವೇ. ಸಹಕಾರ ಕ್ಷೇತ್ರದ ಧಾನ್ಯ ಸಂಗ್ರಹ ಯೋಜನೆಗೆಂದು ಸಂಘಗಳಿಗೆ ಎಎಂಐ ನಿಯಮ ಸಡಿಲಿಸಿದ್ದಾರೆ. ಬಯಲು ಪ್ರದೇಶಕ್ಕೆ ಹಿಂದೆ ಟನ್ನಿಗೆ ₹3,000ದಿಂದ ₹3,500 ಇದ್ದ ವೆಚ್ಚದ ಮಿತಿ ₹7,000 ಆಗಿದೆ, ಸಹಾಯಧನ ಶೇ 25ರಿಂದ 33.33ಕ್ಕೆ ಏರಿದೆ, ಸಂಘದ ಪಾಲು ಶೇ 20ರಿಂದ 10ಕ್ಕೆ ಇಳಿದಿದೆ. 500 ಟನ್ನಿಗೆ ₹35 ಲಕ್ಷ, ಅದರಲ್ಲಿ ಸಹಾಯಧನ ಸುಮಾರು ₹11.66 ಲಕ್ಷ, ಸಂಘದ ಪಾಲು ₹3.5 ಲಕ್ಷ. ಒಳ ರಸ್ತೆ, ವೇಬ್ರಿಡ್ಜ್, ಕಾಂಪೌಂಡ್ ಗೋಡೆಗಳಿಗೆ ಗೋದಾಮಿನ ಸಹಾಯಧನದ ಮೂರನೇ ಒಂದು ಭಾಗದವರೆಗೆ, ಅಂದರೆ ಸುಮಾರು ₹3.88 ಲಕ್ಷ, ಹೆಚ್ಚುವರಿ ಸಿಗುತ್ತದೆ.

ಅದರ ಮೇಲೆ ಕೃಷಿ ಮೂಲಸೌಕರ್ಯ ನಿಧಿಯನ್ನೂ ಜೋಡಿಸಿ. 2020ರಲ್ಲಿ ಬಂದ ಆ ನಿಧಿ ₹2 ಕೋಟಿವರೆಗಿನ ಸಾಲಕ್ಕೆ ಏಳು ವರ್ಷ ಶೇ 3 ಬಡ್ಡಿ ರಿಯಾಯಿತಿ ಕೊಡುತ್ತದೆ. ಎರಡನ್ನೂ ಒಟ್ಟಿಗೆ ಪಡೆಯಲು ಅಡ್ಡಿಯಿಲ್ಲ, ಸಂಘಕ್ಕಷ್ಟೇ ಅಲ್ಲ, ಒಬ್ಬೊಬ್ಬ ರೈತರಿಗೂ. ಅದರ ಪೋರ್ಟಲ್‌ನಲ್ಲಿ ಬೇರೆಯಾಗಿಯೇ ನೋಂದಾಯಿಸಬೇಕು. ಸಾಲ ಕೊಟ್ಟ ಬ್ಯಾಂಕು ತಾನಾಗಿಯೇ ಮಾಡುತ್ತದೆಂದು ನಂಬಿ ಕೂತವರಿಗೆ ರಿಯಾಯಿತಿ ತಪ್ಪಿಹೋಗುತ್ತದೆ.

ಕಟ್ಟಿದ ಮೇಲೆ ಉಗ್ರಾಣ ಅಭಿವೃದ್ಧಿ ಮತ್ತು ನಿಯಂತ್ರಣ ಪ್ರಾಧಿಕಾರದಲ್ಲಿ ನೋಂದಣಿ ಮಾಡಿಸಿ. ಆಗ ಸದಸ್ಯರಿಗೆ ಇಲೆಕ್ಟ್ರಾನಿಕ್ ಉಗ್ರಾಣ ರಸೀದಿ ಕೊಡಬಹುದು. ಕಿಸಾನ್ ಕ್ರೆಡಿಟ್ ಕಾರ್ಡ್ ಇರುವ ಸಣ್ಣ ರೈತರು ಆ ರಸೀದಿ ಅಡವಿಟ್ಟು ಕೊಯ್ಲಿನ ನಂತರ ಆರು ತಿಂಗಳವರೆಗೆ ರಿಯಾಯಿತಿ ಬಡ್ಡಿಯಲ್ಲಿ ಸಾಲ ಪಡೆಯುತ್ತಾರೆ. ತೊಗರಿಯ ತೇವಾಂಶ ಶೇ 12 ದಾಟಿದ್ದರೆ ಒಳಗೆ ಬಿಡಬೇಡಿ. ಒಂದು ತೇವಾಂಶ ಮಾಪಕ ಬಾಗಿಲಲ್ಲೇ ಇರಲಿ, ಸದಸ್ಯರು ಬೇಸರಪಟ್ಟರೂ ಸರಿ. ಹಸಿ ಚೀಲ ಒಂದೇ ಇದ್ದರೂ ಸುತ್ತಲಿನ ಅಟ್ಟಿಗೆ ಹುಳು, ಬೂಷ್ಟು ಹರಡುತ್ತವೆ.

ಪ್ರಶ್ನೆ: ಈರುಳ್ಳಿ ಶೆಡ್ಡಿಗೂ ಇದೇ ಯೋಜನೆಯೇ?
– ಓದುಗರು, ಚಳ್ಳಕೆರೆ

ಉತ್ತರ: ಸಣ್ಣ ಶೆಡ್ಡಿಗೆ ತೋಟಗಾರಿಕೆ ಇಲಾಖೆಗೆ ಹೋಗಿ. ಸಮಗ್ರ ತೋಟಗಾರಿಕೆ ಅಭಿವೃದ್ಧಿ ಯೋಜನೆಯಲ್ಲಿ 25 ಟನ್ನಿನ ಶೇಖರಣಾ ಘಟಕಕ್ಕೆ ನಿಗದಿತ ವೆಚ್ಚದ ಅರ್ಧದಷ್ಟು ಸಹಾಯಧನವಿದೆ. ಇಲ್ಲಿಯೂ ಕಾರ್ಯಾದೇಶ ಕೈಗೆ ಬಂದ ಮೇಲೆಯೇ ಕೆಲಸ ಶುರುಮಾಡಿ. ನೆಲದಿಂದ ಒಂದೂವರೆ ಎರಡು ಅಡಿ ಎತ್ತರದಲ್ಲಿ ಸಂದುಬಿಟ್ಟ ಹಲಗೆ ಅಥವಾ ಬಿದಿರಿನ ತಳ ಹಾಕಿ, ಗಾಳಿ ಕೆಳಗಿನಿಂದಲೂ ಆಡಬೇಕು. ಗುಡ್ಡೆ ಐದು ಅಡಿಗಿಂತ ಎತ್ತರವಾದರೆ ತಳದ ಗಡ್ಡೆ ಜಜ್ಜಿಹೋಗುತ್ತದೆ. ಎಲೆ ಪೂರ್ತಿ ಒಣಗಿ ಕುತ್ತಿಗೆ ಮುಚ್ಚಿಕೊಂಡ ಗಡ್ಡೆಯನ್ನಷ್ಟೇ ಒಳಗಿಡಿ. ದಪ್ಪ ಕುತ್ತಿಗೆಯ ಗಡ್ಡೆಯನ್ನು ಮೊದಲೇ ಮಾರಿಬಿಡಿ.