ಭೂದಾಖಲೆ ಸೇವೆಗಳನ್ನು ಸ್ಥಳೀಯ ಮಟ್ಟಕ್ಕೆ ಇಳಿಸುವಾಗ ಏನನ್ನು ಕೊಡಬೇಕು, ಏನನ್ನು ಕೊಡಬಾರದು?

ಅರ್ಜಿ ಸ್ವೀಕಾರ, ದಾಖಲೆ ನಕಲು, ತಕರಾರಿಲ್ಲದ ಪೌತಿ ಖಾತೆ (ಮಾಲೀಕರು ತೀರಿಕೊಂಡ ಮೇಲೆ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಿಸುವುದು) ಇವನ್ನು ಮೊದಲು ಕೊಡಿ. ಮೇಲ್ಮನವಿ ಮಾತ್ರ ಮೇಲಿನ ಹಂತದಲ್ಲೇ ಇರಲಿ. ದಾಖಲೆ ತಿದ್ದಿದವರೇ ತಕರಾರನ್ನೂ ಕೇಳಬಾರದು. ಮೂಲ ದತ್ತಾಂಶವೂ ಎಲ್ಲ ಕಚೇರಿಗಳಿಗೆ ಒಂದೇ ಆಗಿರಬೇಕು. ಪ್ರತಿ ಕಚೇರಿ ತನ್ನದೇ ಪುಸ್ತಕ ಇಟ್ಟು ಆಗಾಗ ಮೇಲಕ್ಕೆ ಕಳಿಸಿದರೆ, ಆ ನಡುವಿನ ದಿನಗಳಲ್ಲಿ ಒಂದೇ ಜಮೀನು ಇಬ್ಬರಿಗೆ ಮಾರಾಟವಾಗಬಹುದು.

ಹೆಚ್ಚು ಕೆಡುವುದು ವಿಭಾಗದ, ಅಂದರೆ ಜಮೀನನ್ನು ಪಾಲು ಮಾಡುವ ಕೆಲಸ. ಅಣ್ಣತಮ್ಮಂದಿರ ಹೆಸರು ಖಾತೆಗೆ ಏರುತ್ತದೆ, ನಕ್ಷೆಯಲ್ಲಿ ಹಳೆಯ ಒಂದೇ ತುಂಡು ಉಳಿಯುತ್ತದೆ. ಮುಂದೆ ಮಾರುವಾಗ ಚೆಕ್ಕುಬಂದಿ (ಜಮೀನಿನ ನಾಲ್ಕೂ ದಿಕ್ಕಿನ ಗಡಿ ವಿವರ) ಹೊಂದುವುದಿಲ್ಲ. ಅಳತೆ ನಕ್ಷೆಯಿಲ್ಲದೆ ವಿಭಾಗ ದಾಖಲಾಗದಂತೆ ತಂತ್ರಾಂಶದಲ್ಲೇ ತಡೆ ಹಾಕಿ. ಅಳತೆಗೆ ಜನ ಸಾಲದಿದ್ದರೆ ಸ್ಥಳೀಯರಿಗೇ ತರಬೇತಿ ಕೊಡಬಹುದು: ರುವಾಂಡಾದಲ್ಲಿ ಹಾಗೆ ತಯಾರಾದವರು ನೆರೆಹೊರೆಯವರ ಎದುರಲ್ಲೇ ವೈಮಾನಿಕ ಚಿತ್ರದ ಮೇಲೆ ಗಡಿ ಗುರುತಿಸಿ, 1 ಕೋಟಿಗೂ ಹೆಚ್ಚು ಜಮೀನುಗಳನ್ನು ದಾಖಲೆಗೆ ತಂದರು.