ಮೂರನೇ ಪ್ರಶ್ನೆಗೆ ಅವರು ಏನಂತಾರೆ?

ಪ್ರಶ್ನೆ: ನನಗೆ 28 ವರ್ಷ. ಮೈಸೂರಿನಲ್ಲಿ ಶಿಕ್ಷಕಿ. ನಾವು ಕ್ಯಾಥೊಲಿಕರು. ಮೂರು ವರ್ಷದ ಹಿಂದೆ ನೆಂಟರ ಮದುವೆಯಲ್ಲಿ ಮಂಗಳೂರಿನ ಹುಡುಗನೊಬ್ಬ ಪರಿಚಯವಾದ. ಈಗ ಡಬ್ಲಿನ್‌ನಲ್ಲಿದ್ದಾನೆ. ದಿನಾ ರಾತ್ರಿ ವಿಡಿಯೊ ಕಾಲ್ ಮಾಡುತ್ತೇವೆ. ಎದುರಾಬದುರು ಸಿಕ್ಕಿದ್ದು ನಾಲ್ಕೇ ಸಲ. ಕಳೆದ ತಿಂಗಳು ‘ಡಿಸೆಂಬರ್‌ನಲ್ಲಿ ಮೂರು ವಾರ ರಜೆ ಇದೆ, ಮದುವೆ ಆಗೋಣ’ ಅಂದ. ಮಾರನೇ ದಿನವೇ, ‘ನಾನು ಚರ್ಚಿಗೆ ಹೋಗದೆ ಎರಡು ವರ್ಷ ಆಯ್ತು. ನಂಬಿಕೆ ಉಳಿದಿಲ್ಲ. ನಿನಗೋಸ್ಕರ ಪೀಠದ ಮುಂದೆ ನಿಲ್ತೀನಿ’ ಅಂದ. ನನಗೆ ಆಡಂಬರ ಬೇಡ, ಫಿಲೋಮಿನಾ ಚರ್ಚಿನಲ್ಲಿ ಪೂಜೆ ಚೆನ್ನಾಗಿ ಆದರೆ ಸಾಕು. ಅಮ್ಮ ನನ್ನ ಮದುವೆಗೆ ದೋರನಹಳ್ಳಿ ಚರ್ಚಿನ ಸಂತ ಅಂತೋಣಿಯವರಿಗೆ ಹರಕೆ ಹೊತ್ತಿದ್ದಾರೆ. ಅವರಿಗೆ ಈ ವಿಷಯ ಗೊತ್ತಿಲ್ಲ, ಛತ್ರ ನೋಡೋಕೆ ಓಡಾಡ್ತಿದ್ದಾರೆ. ಮದುವೆ ಆದ್ಮೇಲೆ ಸರಿಹೋಗ್ತಾನಾ?

ಉತ್ತರ: ಸರಿಹೋಗ್ತಾನೆ ಅನ್ನೋ ಲೆಕ್ಕದಲ್ಲಿ ಮದುವೆ ಆಗಬೇಡಿ. ಈಗಿರುವ ಹಾಗೇ ಕೊನೆವರೆಗೂ ಇದ್ದರೆ ಬಾಳಬಲ್ಲೆನಾ ಅಂತ ಕೇಳಿಕೊಳ್ಳಿ.

ಒಂದು ಮಾತು ಹುಡುಗನ ಪರವಾಗಿ ಹೇಳಲೇಬೇಕು. ಸುಮ್ನೆ ಇದ್ದುಬಿಡಬಹುದಿತ್ತು. ನೀವು ಭಾನುವಾರ ಏಳು ಗಂಟೆ ಪೂಜೆಗೆ ಹೋಗುವಾಗ ಅವರಿಗಿನ್ನೂ ರಾತ್ರಿ ಒಂದೂವರೆಯೋ ಎರಡೂವರೆಯೋ. ಮೂರು ವರ್ಷದಲ್ಲಿ ನೀವಿಬ್ಬರೂ ಒಂದು ಭಾನುವಾರದ ಬೆಳಗನ್ನು ಒಟ್ಟಿಗೆ ಕಂಡಿದ್ದೀರೋ ಇಲ್ಲವೋ. ಮುಚ್ಚಿಟ್ಟಿದ್ದರೆ ನಿಮಗೆ ಗೊತ್ತೇ ಆಗುತ್ತಿರಲಿಲ್ಲ. ಅವರು ಬಾಯಿಬಿಟ್ಟು ಹೇಳಿದ್ದಾರೆ.

ಆದರೆ ‘ನಿನಗೋಸ್ಕರ ನಿಲ್ತೀನಿ’ ಅನ್ನೋ ಮಾತು ನನಗೆ ಒಗ್ಗಲಿಲ್ಲ. ಪೀಠದ ಮುಂದೆ ನಿಂತರೆ ಮುಗಿಯೋದಿಲ್ಲ, ಉತ್ತರ ಕೊಡಬೇಕು. ಮದುವೆ ಮಾಡಿಸುವ ಚರ್ಚಿನ ಗುರುಗಳು ಮೂರು ಪ್ರಶ್ನೆ ಕೇಳ್ತಾರೆ, ಅಲ್ವಾ? ಸ್ವಂತ ಮನಸ್ಸಿನಿಂದ ಬಂದಿದ್ದೀರಾ? ಬದುಕಿರುವವರೆಗೂ ಒಬ್ಬರನ್ನೊಬ್ಬರು ಪ್ರೀತಿಸಿ ಗೌರವಿಸುತ್ತೀರಾ? ದೇವರು ಕೊಡುವ ಮಕ್ಕಳನ್ನು ಸ್ವೀಕರಿಸಿ, ಕ್ರಿಸ್ತನ ಮತ್ತು ಧರ್ಮಸಭೆಯ ನಿಯಮದಂತೆ ಬೆಳೆಸುತ್ತೀರಾ? ಮೊದಲ ಎರಡಕ್ಕೆ ಕಣ್ಣುಮುಚ್ಚಿ ಹೌದು ಅಂದಾರು. ಮೂರನೆಯದಕ್ಕೆ? ನಿಮಗೆ ಹಿಡಿಸಿದ್ದೇ ಅವರ ನೇರ ನುಡಿ ಇರಬೇಕು. ಅಂಥವರ ಬಾಯಿಂದ ಪೀಠದ ಮುಂದೆ ಸುಳ್ಳು ಹೇಳಿಸ್ತೀರಾ? ಅದೂ ನಿಮಗೋಸ್ಕರ?

ಹೇಗಿದ್ದರೂ ಈ ವಿಷಯ ಮುಚ್ಚಿಡೋಕೆ ಆಗೋದಿಲ್ಲ. ಮದುವೆಗೆ ಮುಂಚೆ ಗುರುಗಳು ನಿಮ್ಮಿಬ್ಬರನ್ನೂ ಬೇರೆ ಬೇರೆಯಾಗಿ ಕೂರಿಸಿ ವಿಚಾರಿಸುತ್ತಾರೆ. ಪೂಜೆ ತಪ್ಪಿಸಿದವರಿಗೆ ಮದುವೆ ಇಲ್ಲ ಅಂತೇನೂ ಇಲ್ಲ, ಹೆದರಬೇಡಿ. ಆದರೆ ಹೊಸದಾಗಿ ತೆಗೆಸಿದ ದೀಕ್ಷಾಸ್ನಾನದ (ಬ್ಯಾಪ್ಟಿಸಮ್) ಪತ್ರ ಬೇಕು. ಬೇರೆ ಮದುವೆ ಆಗಿಲ್ಲ ಅಂತ ಡಬ್ಲಿನ್ನಿನ ಚರ್ಚಿನಿಂದ ಪತ್ರ ಬೇಕು. ಎರಡು ವರ್ಷ ಮುಖ ತೋರಿಸದ ಜಾಗಕ್ಕೆ ಹೋಗಿ ಕೇಳಬೇಕು ಪಾಪ! ಮದುವೆ ತರಬೇತಿ, ಭಾನುವಾರ ಪೂಜೆಯಲ್ಲಿ ಮದುವೆ ಆಗೋರ ಹೆಸರು ಓದಿಸೋದು ಎಲ್ಲ ಇದೆ. ಕ್ರಿಸ್‌ಮಸ್‌ಗೆ ಮುಂಚಿನ ವಾರಗಳು ಕ್ರಿಸ್ತನ ಹುಟ್ಟಿಗೆ ಕಾಯುವ ಆಗಮನ ಕಾಲ, ಆಗ ಮದುವೆ ಇಟ್ಟುಕೊಳ್ಳೋರು ಕಮ್ಮಿ. ಮೂರು ವಾರದ ರಜೆ ಯಾವ ಮೂಲೆಗೆ?

ಅದಕ್ಕೇ, ಡಿಸೆಂಬರ್‌ಗೆ ಮುಂಚೆ ಒಂದು ವಾರಕ್ಕಾದರೂ ಬರಲಿ. ಮಂಗಳವಾರ ದೋರನಹಳ್ಳಿಗೆ ಕರೆದುಕೊಂಡು ಹೋಗಿ. ಕಾರು ಬೇಡ, ಕೆ.ಆರ್. ನಗರದ ಕಡೆ ಬಸ್ಸು ಹತ್ತಿ. ಅಲ್ಲಿಗೆ ಹಿಂದೂಗಳೂ ಬಂದು ಮೇಣದಬತ್ತಿ ಹಚ್ಚುತ್ತಾರೆ, ಯಾರ ನಂಬಿಕೆ ಎಷ್ಟು ಅಂತ ಯಾರೂ ತೂಗೋದಿಲ್ಲ. ಅವರು ಒಳಗೆ ಬರದಿದ್ದರೂ ಬಲವಂತ ಮಾಡಬೇಡಿ. ನೀವು ಪ್ರಾರ್ಥನೆ ಮುಗಿಸಿ ಬರೋವರೆಗೆ ಹೇಗೆ ಕಾಯ್ತಾರೆ ನೋಡಿ. ವಾಪಸ್ ಬರುವಾಗ ಆ ಮೂರನೇ ಪ್ರಶ್ನೆ ಕೇಳಿ. ಬಸ್ಸಿನಲ್ಲಿ ‘ನೆಟ್‌ವರ್ಕ್ ಸರಿ ಇಲ್ಲ’ ಅನ್ನೋಕಾಗಲ್ಲ.

‘ನನಗೆ ನಂಬಿಕೆ ಇಲ್ಲ, ಆದರೆ ನೀನು ಮಕ್ಕಳನ್ನು ಪೂಜೆಗೆ ಕರೆದುಕೊಂಡು ಹೋಗುವಾಗ ನಾನೂ ಜೊತೆಗೆ ಬರ್ತೀನಿ’ ಅಂದರೆ, ನಾನಾಗಿದ್ದರೆ ಒಪ್ಪಿಕೊಳ್ತಿದ್ದೆ. ಗುರುಗಳ ಹತ್ತಿರವೂ ಅದನ್ನೇ ಹೇಳಲಿ. ‘ಮಕ್ಕಳು ದೊಡ್ಡವರಾದ್ಮೇಲೆ ಅವರೇ ನೋಡಿಕೊಳ್ಳಲಿ’ ಅಂದರೆ ಅದೂ ಮರ್ಯಾದಸ್ಥರ ಮಾತೇ. ಆದರೆ ನಿಮ್ಮ ಪಾಲಿಗೆ ಅದು ‘ಇಲ್ಲ’ ಅಂತಲೇ ಅರ್ಥ. ಆಮೇಲೆ ಬೇರೆ ಅರ್ಥ ಹಚ್ಚಿಕೊಂಡು ಕೂರಬೇಡಿ.

ಅಮ್ಮನಿಗೆ ಇವತ್ತೇ ಹೇಳಿ, ಛತ್ರಕ್ಕೆ ಅಡ್ವಾನ್ಸ್ ಕೊಡಬೇಡಿ, ದಿನ ಗೊತ್ತಾಗಿಲ್ಲ ಅಂತ. ಉಳಿದದ್ದನ್ನು ಹುಡುಗನೇ ಬಂದು, ಅಮ್ಮನ ಎದುರು ಕೂತು ಹೇಳಲಿ. ಹರಕೆಯ ಚಿಂತೆ ಬಿಡಿ. ಅಮ್ಮ ಹೊತ್ತಿದ್ದು ನಿಮ್ಮ ಮದುವೆಗೆ. ಡಿಸೆಂಬರ್‌ನಲ್ಲೇ ಆಗಲಿ ಅಂತ ಅಂತೋಣಿಯವರಿಗೆ ತಾರೀಖು ಕೊಟ್ಟಿರಲಿಕ್ಕಿಲ್ಲ.